ನಾಲೆಯ ಕೊನೆಯ ಹೊಲದ ಪಾಲು

2023ರ ಆಗಸ್ಟ್‌ನಲ್ಲಿ ಭದ್ರಾ ಜಲಾಶಯದಿಂದ ನಾಲೆಗಳಿಗೆ ನೀರು ಬಿಟ್ಟಾಗ ದಾವಣಗೆರೆ, ಹರಿಹರ ತಾಲ್ಲೂಕುಗಳ ರೈತರ ಕಿವಿಗೆ ಬಿದ್ದಿದ್ದ ಮಾತು ನೂರು ದಿನ ನಿರಂತರ ನೀರು ಎಂಬುದಾಗಿತ್ತು. ಜಲಾಶಯದ ಪೂರ್ಣಮಟ್ಟ 186 ಅಡಿ. ಆ ವರ್ಷ ಅದು ತುಂಬಿರಲಿಲ್ಲ, ಮುಂದೆಯೂ ತುಂಬಲಿಲ್ಲ. ಆದರೂ ಮಾತು ಬಂದಿತ್ತು. ರೈತರು ಸಸಿ ಮಡಿ ಮಾಡಿದರು, ಗದ್ದೆ ಕೆಸರು ಮಾಡಿದರು, ಸಾಲ ತಂದು ನಾಟಿ ಮುಗಿಸಿದರು. ಸೆಪ್ಟೆಂಬರ್ ಬಂದಾಗ ಲೆಕ್ಕ ಬದಲಾಯಿತು. ನಿರಂತರ ಹರಿವಿನ ಬದಲು ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುವ ಕ್ರಮ ಬಂತು. ನಮ್ಮ ಕಡೆ ಅದಕ್ಕೆ ಎಲ್ಲರೂ ‘ಆಫ್ ಅಂಡ್ ಆನ್’ ಎನ್ನುತ್ತಾರೆ. ರಸ್ತೆ ತಡೆಗಳು ನಡೆದವು, ಅದೇ ತಿಂಗಳು ದಾವಣಗೆರೆ ಬಂದ್ ಆಯಿತು. ಮುಂದಿನ ಬೇಸಿಗೆಯಲ್ಲಂತೂ ಭತ್ತಕ್ಕೆ ನೀರಿಲ್ಲ ಎಂದಾಯಿತು. ತೋಟಗಳನ್ನು ಉಳಿಸಿಕೊಳ್ಳಲು ಮಾತ್ರ ಬಿಟ್ಟು ಬಿಟ್ಟು ನೀರು ಹರಿಯಿತು.

ಆಗ ಪತ್ರಿಕೆಗಳಲ್ಲಿ ಬಂದದ್ದು ಹೆಚ್ಚಾಗಿ ರಾಜಕೀಯ. ಯಾರು ಯಾರ ಕೈಗೊಂಬೆ, ಯಾವ ಜಿಲ್ಲೆಯ ಮಂತ್ರಿಗೆ ಯಾವ ಜಿಲ್ಲೆಯ ಮೇಲೆ ಮಮತೆ ಎಂಬಿತ್ಯಾದಿ. ಅದರ ಚರ್ಚೆ ಇಲ್ಲಿ ಬೇಡ. ಆ ದಿನಗಳಲ್ಲಿ ರೈತರ ಬಾಯಲ್ಲಿ ಮತ್ತೆ ಮತ್ತೆ ಬಂದ ಒಂದು ಮಾತಿದೆ: ‘ನಮ್ಮ ನೀರು ಕಿತ್ಕೊಂಡ್ರು’. ಈ ‘ನಮ್ಮ’ ಎಂಬ ಪದ ಎಲ್ಲಿಂದ ಬಂತು? ಮಲೆನಾಡಿನಲ್ಲಿ ಬಿದ್ದ ಮಳೆ, ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ ಕಟ್ಟಿದ ಅಣೆಕಟ್ಟು, ನೂರು ಕಿಲೋಮೀಟರ್‌ಗೂ ಮಿಕ್ಕಿ ಹರಿದು ಬರುವ ಬಲದಂಡೆ ನಾಲೆ. ಇಷ್ಟು ದೂರದಿಂದ ಬರುವ ನೀರು ಹರಿಹರದ ಒಂದು ಗದ್ದೆಯವನಿಗೆ ಯಾವ ಅರ್ಥದಲ್ಲಿ ತನ್ನದು? ಅದು ಹತ್ತು ದಿನ ಕಡಿಮೆಯಾದಾಗ ಅವನು ಕಳೆದುಕೊಂಡದ್ದು ಒಂದು ಅನುಕೂಲವನ್ನೋ, ಒಂದು ಹಕ್ಕನ್ನೋ?

ಇಸ್ಲಾಮೀ ಧರ್ಮಶಾಸ್ತ್ರದಲ್ಲಿ ಬೆಳೆಯ ಝಕಾತ್‌ನ ಒಂದು ನಿಯಮ ಇಲ್ಲಿ ಸಹಾಯಕ್ಕೆ ಬರುತ್ತದೆ. ಮಳೆಯಿಂದಲೋ ತಾನಾಗಿ ಹರಿಯುವ ನೀರಿನಿಂದಲೋ ಬೆಳೆದ ಬೆಳೆಯಲ್ಲಿ ಹತ್ತನೇ ಒಂದು ಪಾಲು ಬಡವರದು. ರೈತ ಶ್ರಮವೋ ಹಣವೋ ಸುರಿದು ನೀರೆತ್ತಿ ಬೆಳೆದಿದ್ದರೆ ಇಪ್ಪತ್ತನೇ ಒಂದು ಪಾಲು. ಆಕಾಶದಿಂದ ಬಂದ ನೀರು ಮತ್ತು ಮನುಷ್ಯನ ಕೈ ತಗುಲಿದ ನೀರು ಒಂದೇ ಅಲ್ಲ ಎಂಬ ವಿವೇಕ ಇದರ ಹಿಂದಿದೆ. ಇದನ್ನು ಸ್ವಲ್ಪ ಮುಂದಕ್ಕೆ ಒಯ್ಯಬಹುದು. ಆಕಾಶದ ನೀರು ಬಾರದಿದ್ದರೆ ನಾವು ಸಹನೆ ತಾಳುತ್ತೇವೆ, ಮಳೆಗಾಗಿ ನಮಾಝ್ ಮಾಡುತ್ತೇವೆ. ಹಳ್ಳಿಗಳಲ್ಲಿ ಕಪ್ಪೆ ಮದುವೆ ಮಾಡಿಸುವವರೂ ಇದ್ದಾರೆ. ಅಲ್ಲಿ ಯಾರ ಮೇಲೂ ಅರ್ಜಿ ಹಾಕುವಂತಿಲ್ಲ. ಆದರೆ ಗೇಟಿನ ನೀರಿಗೆ ಒಬ್ಬ ಕೈಯವನಿದ್ದಾನೆ. ಅವನು ಗೇಟು ಎತ್ತಿದ, ಅವನೇ ಇಳಿಸಿದ. ಆ ನೀರಿನ ಲೆಕ್ಕ ಕೇಳುವುದು ಅಲ್ಲಾಹನ ನಿರ್ಣಯದ ವಿರುದ್ಧ ಗೊಣಗಿದಂತೆ ಆಗುವುದಿಲ್ಲ.

2023ರಲ್ಲಿ ಇವೆರಡೂ ಕಲಸಿಹೋಗಿದ್ದವು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರಕಾರವೇ ಘೋಷಿಸಿದ ವರ್ಷ ಅದು. ನೀರು ಕಡಿಮೆ ಇತ್ತು ಎಂಬುದು ಸುಳ್ಳಲ್ಲ. ಅಧಿಕಾರಿಗಳು ಇದನ್ನೇ ಹಿಡಿದು, ಮಳೆ ಬಂದಿಲ್ಲ, ನಾವೇನು ಮಾಡೋಣ ಎಂದರು. ರೈತರು ಮಳೆಯ ಮಾತನ್ನೇ ಕಿವಿಗೆ ಹಾಕಿಕೊಳ್ಳದೆ, ಕೊಡುತ್ತೇವೆ ಅಂದಿದ್ದಿರಿ, ಕೊಡಿ ಎಂದರು. ನನ್ನ ದೃಷ್ಟಿಯಲ್ಲಿ ಅಧಿಕಾರಿಗಳ ಮಾತು ಅರ್ಧ ಸತ್ಯ, ರೈತರದ್ದು ಮುಕ್ಕಾಲು. ಮಳೆ ಬಾರದ್ದು ಯಾರ ತಪ್ಪೂ ಅಲ್ಲ. ಆದರೆ ಮಳೆ ಬಾರದಿರುವುದು ಕಣ್ಣಿಗೆ ಕಾಣುತ್ತಿರುವಾಗಲೇ ನೂರು ದಿನದ ಮಾತು ಕೊಟ್ಟದ್ದು ಮಳೆಯ ಕೆಲಸವಲ್ಲ. ಭತ್ತದ ಗದ್ದೆಯ ಸ್ವಭಾವ ಬಲ್ಲವರಿಗೆ ಇದರ ಪೆಟ್ಟು ಗೊತ್ತು. ನಾಟಿಗೆ ಮೊದಲೇ ‘ನೀರಿಲ್ಲ’ ಎಂದರೆ ರೈತ ಮೆಕ್ಕೆಜೋಳಕ್ಕೋ ರಾಗಿಗೋ ಹೊರಳಬಹುದು, ಇಲ್ಲವೇ ಹೊಲ ಬೀಳು ಬಿಟ್ಟು ಕೂಲಿಗೆ ಹೋಗಬಹುದು. ನಾಟಿಯಾದ ಮೇಲೆ ಅವನಿಗೆ ದಾರಿ ಇಲ್ಲ. ತೆನೆ ಹೊರಡುವ ಹೊತ್ತಿನಲ್ಲಿ ಗದ್ದೆ ಬಿರುಕು ಬಿಟ್ಟರೆ ನೂರರಲ್ಲಿ ಎಪ್ಪತ್ತು ದಿನ ಕೊಟ್ಟ ನೀರೂ ವ್ಯರ್ಥ. ನೂರು ದಿನದ ಬದಲು ಎಪ್ಪತ್ತು ದಿನ ಎಂದರೆ ಎಪ್ಪತ್ತರಷ್ಟು ಬೆಳೆ ಎಂದಲ್ಲ, ಬರೀ ಹುಲ್ಲು ಎಂದೂ ಆಗಬಹುದು. ಹಣದಂತೆ ನೀರನ್ನು ಕಂತು ಕಡಿತ ಮಾಡಿ ಕೊಡಲಾಗುವುದಿಲ್ಲ.

ಅಂದರೆ ಇಲ್ಲಿ ನಡೆದ ಅನ್ಯಾಯ ಋತು ಚಿಕ್ಕದಾದದ್ದರಲ್ಲಿ ಇಲ್ಲ. ಅದನ್ನು ಹೇಳಿದ ಹೊತ್ತಿನಲ್ಲಿ ಇದೆ.

ದೂರದ ದೇಶವೊಂದರ ಉದಾಹರಣೆ ಕೊಡಬಹುದು. ಯುರೋಪಿನ ಆಲ್ಪ್ಸ್ ಪರ್ವತಗಳಲ್ಲಿ ಹಿಮದ ಮೇಲೆ ಜಾರುವ ಸ್ಕೀಯಿಂಗ್ ಆಟದ ತಾಣಗಳಿವೆ. ಹವಾಮಾನ ಬಿಸಿಯಾಗುತ್ತಿರುವುದರಿಂದ ಕೆಳಮಟ್ಟದ ತಾಣಗಳಲ್ಲಿ ಹಿಮದ ದಿನಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ. ಫ್ರಾನ್ಸಿನ ಲಾ ಸಾಂಬುಯಿ ಎಂಬ ಸಣ್ಣ ತಾಣದಲ್ಲಿ ತಿಂಗಳುಗಟ್ಟಲೆ ಇದ್ದ ಋತು ಕೆಲವೇ ವಾರಗಳಿಗೆ ಇಳಿದು, 2023ರಲ್ಲಿ ಅದನ್ನು ಮುಚ್ಚುವ ತೀರ್ಮಾನವಾಯಿತು. ಇಂಥ ಕಡೆ ಇಡೀ ಋತುವಿನ ಪಾಸು ಮುಂಗಡವಾಗಿ ಕೊಂಡವರು ಕೇಳುವ ಪ್ರಶ್ನೆಯೂ ನಮ್ಮ ರೈತನದ್ದೇ: ನಾನು ಹಣ ಕೊಟ್ಟದ್ದು ಇಷ್ಟು ದಿನಗಳಿಗೋ, ಅಥವಾ ಬಂದಷ್ಟು ಚಳಿಗಾಲಕ್ಕೋ? ಹೋಲಿಕೆ ಇಲ್ಲಿಗೇ ಮುಗಿಯಿತು. ಆಟಗಾರನಿಗೆ ಒಂದು ರಜೆ ಹಾಳಾಯಿತು. ರೈತನಿಗೆ ಹಾಳಾದದ್ದು ಮಗಳ ಕಾಲೇಜು ಫೀಸು, ಸೊಸೈಟಿಯ ಸಾಲ, ಮುಂದಿನ ವರ್ಷದ ಬೀಜ.

ಋತು ಒಂದು ವಾಡಿಕೆ. ವರ್ಷ ವರ್ಷವೂ ಬಂದದ್ದು ಬರಲೇಬೇಕಾದದ್ದು ಎಂದು ಮನಸ್ಸು ತಿಳಿಯುತ್ತದೆ. ಭದ್ರಾ ಅಚ್ಚುಕಟ್ಟಿನಲ್ಲಿ ಮೂರು ತಲೆಮಾರಿನಿಂದ ಮಳೆಗಾಲಕ್ಕೊಂದು, ಬೇಸಿಗೆಗೊಂದು ಭತ್ತ ಬೆಳೆದವರಿದ್ದಾರೆ. ವಾಡಿಕೆಗೆ ಶಾಸ್ತ್ರದಲ್ಲೂ ಗೌರವವಿದೆ. ‘ಉರ್ಫ್’ ಎಂದು ಕರೆಯಲಾಗುವ ಸಮಾಜದ ರೂಢಿಯನ್ನು ಫಿಕ್‌ಹ್ ಪಂಡಿತರು ತೀರ್ಪಿಗೆ ಆಧಾರವಾಗಿ ಒಪ್ಪಿದ್ದಾರೆ. ಆದರೆ ಯಾವ ವಾಡಿಕೆ? ಭದ್ರಾ ಯೋಜನೆಯನ್ನು ರೂಪಿಸಿದವರು ಇಡೀ ಅಚ್ಚುಕಟ್ಟಿನಲ್ಲಿ ಎರಡೆರಡು ಭತ್ತ ಎಂದು ಲೆಕ್ಕ ಹಾಕಿರಲಿಲ್ಲ. ಕಡಿಮೆ ನೀರು ಬೇಡುವ ಅರೆ ನೀರಾವರಿ ಬೆಳೆಗಳಿಗೂ ದೊಡ್ಡ ಪಾಲು ಇಟ್ಟಿದ್ದರು. ಆ ಲೆಕ್ಕ ಮೊದಲು ಮುರಿದದ್ದು ಭತ್ತದಿಂದ. ಆಮೇಲೆ ಭದ್ರಾವತಿ, ಚನ್ನಗಿರಿ ಕಡೆಗಳಲ್ಲಿ ಗದ್ದೆಗಳು ಅಡಿಕೆ ತೋಟವಾದವು, ಅದರಿಂದ ಇನ್ನೊಮ್ಮೆ ಮುರಿಯಿತು. ಈಗ ದಾವಣಗೆರೆ ತಾಲ್ಲೂಕಿನ ಗದ್ದೆಗಳಲ್ಲೂ ಅಡಿಕೆ ಸಸಿ ಕಾಣುತ್ತದೆ. ಪ್ರತಿಯೊಬ್ಬರೂ ತಮ್ಮ ವಾಡಿಕೆಯನ್ನು ಹಕ್ಕು ಎನ್ನುತ್ತಾರೆ, ಇನ್ನೊಬ್ಬರದ್ದನ್ನು ಅಕ್ರಮ ಎನ್ನುತ್ತಾರೆ. ಭತ್ತದವನಿಗೆ ಈಗ ಒಂದೇ ಸಮನೆ ನೀರು ಬೇಕು. ಅಡಿಕೆಯವನಿಗೆ ಸ್ವಲ್ಪ ಸ್ವಲ್ಪವೇ ಆದರೂ ಮೇ ತಿಂಗಳವರೆಗೆ ಬೇಕು. ತೋಟ ಒಂದು ಬೇಸಿಗೆ ಒಣಗಿದರೆ ಹಲವು ವರ್ಷದ ದುಡಿಮೆ ಹೋಗುತ್ತದೆ. ಇಬ್ಬರ ಹಟವೂ ಅರ್ಥವಾಗುವಂಥದ್ದು. ಜಲಾಶಯ ಒಂದೇ.

ಇಂಥ ಜಗಳ ಹೊಸದಲ್ಲ. ಪ್ರವಾದಿ ಮುಹಮ್ಮದ್(ಸ)ರ ಮುಂದೆಯೇ ಒಂದು ಬಂದಿತ್ತು. ಬುಖಾರಿ ಮೊದಲಾದ ಹದೀಸ್ ಗ್ರಂಥಗಳಲ್ಲಿ ಅದು ದಾಖಲಾಗಿದೆ. ಮದೀನಾದ ಹೊರವಲಯದ ಕಲ್ಲುನೆಲದಿಂದ ಇಳಿದು ಬರುವ ಕಾಲುವೆಯೊಂದರ ಮೇಲ್ಭಾಗದಲ್ಲಿ ಝುಬೈರ್(ರ)ರ ತೋಟವಿತ್ತು, ಕೆಳಭಾಗದಲ್ಲಿ ಒಬ್ಬ ಅನ್ಸಾರಿಯ ತೋಟ. ನೀರನ್ನು ತಡೆಯದೆ ಬಿಡು ಎಂದು ಅನ್ಸಾರಿ, ಆಗದು ಎಂದು ಝುಬೈರ್. ಪ್ರವಾದಿಯವರು ಝುಬೈರ್‌ರಿಗೆ, ನಿನ್ನ ತೋಟಕ್ಕೆ ಉಣಿಸಿಕೊಂಡು ನೆರೆಯವನಿಗೆ ಬಿಟ್ಟುಬಿಡು ಎಂಬ ಅರ್ಥದ ತೀರ್ಪು ಕೊಟ್ಟರು. ಅನ್ಸಾರಿಗೆ ಸಿಟ್ಟು ಬಂತು. ಅವರು ನಿಮ್ಮ ಸೋದರತ್ತೆಯ ಮಗ ಎಂದಲ್ಲವೇ ಎಂಬ ಧಾಟಿಯಲ್ಲಿ ಆಡಿಬಿಟ್ಟ. ಪ್ರವಾದಿಯವರ ಮುಖಭಾವ ಬದಲಾಯಿತು. ಆಗ ಅವರು ಝುಬೈರ್‌ರಿಗೆ ಹೇಳಿದ್ದು ಬೇರೆ: ನೀರು ಪಾತಿಯ ಏರಿಯನ್ನು ಮುಟ್ಟುವವರೆಗೆ ನಿಲ್ಲಿಸಿಕೊಂಡು ಆಮೇಲೆ ಬಿಡು ಎಂದು.

ಈ ಘಟನೆಯನ್ನು ಸಾಮಾನ್ಯವಾಗಿ ಪ್ರವಾದಿಯವರ ತೀರ್ಪನ್ನು ಪ್ರಶ್ನಿಸಬಾರದು ಎಂಬ ಪಾಠಕ್ಕಾಗಿ ಹೇಳುತ್ತಾರೆ. ಆದರೆ ನೀರಿನ ನ್ಯಾಯದ ದೃಷ್ಟಿಯಿಂದಲೂ ಇದನ್ನು ನಿಧಾನವಾಗಿ ಓದಬೇಕು. ಮೊದಲ ತೀರ್ಪಿನಲ್ಲಿ ಮೇಲಿನವನಿಗೆ ಅವನ ಪೂರ್ಣ ಹಕ್ಕು ಸಿಕ್ಕಿರಲಿಲ್ಲ ಎಂದು ವ್ಯಾಖ್ಯಾನಕಾರರು ಹೇಳುತ್ತಾರೆ. ಸ್ವಲ್ಪದರಲ್ಲಿ ತೃಪ್ತನಾಗು, ಕೆಳಗಿನವನೂ ಬದುಕಲಿ ಎಂಬ ಔದಾರ್ಯ ಅದರಲ್ಲಿತ್ತು. ಎರಡನೆಯದು ಕಟ್ಟುನಿಟ್ಟಿನ ಹಕ್ಕು. ಅಂದರೆ ಒಂದೇ ನೀರಿಗೆ ಎರಡು ಅಳತೆಗಳಿವೆ. ಒಂದು ಕಾನೂನಿನದು, ಇನ್ನೊಂದು ಅದಕ್ಕಿಂತ ಮೊದಲು ಬರಬೇಕಾದ ಇಹ್‌ಸಾನ್‌ನದು, ನೆರೆಹೊರೆಯದು. ಪಕ್ಷಪಾತದ ಆರೋಪ ಬಂದೊಡನೆ ಔದಾರ್ಯ ಹಿಂದೆ ಸರಿದು ಕಾನೂನು ಮುಂದೆ ಬಂತು. ನಮ್ಮಲ್ಲೂ ಆಗಿದ್ದು ಇದೇ ಅಲ್ಲವೇ? ‘ಶಿವಮೊಗ್ಗದವರು’, ‘ದಾವಣಗೆರೆಯವರು’ ಎಂದು ಮಾತು ಹೊರಳಿದ ಕ್ಷಣದಿಂದ ಸಭೆಯಲ್ಲಿ ಕುಳಿತವರೆಲ್ಲ ತಮ್ಮ ತಮ್ಮ ಏರಿ ಮುಟ್ಟುವಷ್ಟು ನೀರಿನ ಲೆಕ್ಕಕ್ಕೆ ಇಳಿದರು.

ಇದರ ಜೊತೆ ಇನ್ನೊಂದು ತೀರ್ಪಿದೆ. ಮದೀನಾದ ಮಹ್‌ಝೂರ್ ಎಂಬ ಮಳೆಹಳ್ಳದ ಬಗ್ಗೆ, ಮೇಲಿನವನು ಕಾಲಿನ ಹರಡು ಮುಳುಗುವಷ್ಟು ನೀರು ನಿಲ್ಲಿಸಿಕೊಂಡು ಉಳಿದದ್ದನ್ನು ಕೆಳಗಿನವನಿಗೆ ಬಿಡಬೇಕು ಎಂದು ಪ್ರವಾದಿಯವರು ವಿಧಿಸಿದರು. ಇಲ್ಲಿನ ಅಳತೆ ದಿನಗಳದ್ದಲ್ಲ, ಎಕರೆಯದ್ದೂ ಅಲ್ಲ, ಮನುಷ್ಯನ ಪಾದದ್ದು. ಮೇಲೆ ಇರುವವನಿಗೆ ಮೊದಲ ಹಕ್ಕು ಉಂಟು, ಆದರೆ ಅಗತ್ಯ ಮುಗಿದಲ್ಲಿ ಹಕ್ಕೂ ಮುಗಿಯಿತು. ನಾಲೆಗೆ ಪಂಪ್‌ಸೆಟ್ ಇಟ್ಟು ಅಚ್ಚುಕಟ್ಟಿನ ಆಚೆಯ ಗುಡ್ಡದ ಮೇಲಿನ ತೋಟಕ್ಕೆ ನೀರೆತ್ತುವವರು ಈ ಅಳತೆಯನ್ನು ಒಮ್ಮೆ ಯೋಚಿಸಬೇಕು.

ಒಂದು ತೊಡಕನ್ನು ಮುಚ್ಚಿಡಬಾರದು. ಹರಡಿನ ನಿಯಮ ನೀರು ಸಾಕಷ್ಟಿದ್ದಾಗ ಚೆನ್ನ. ಬರಗಾಲದಲ್ಲಿ ಮೇಲಿನ ಹತ್ತು ಮಂದಿಯ ಹರಡು ಮುಳುಗುವಷ್ಟರಲ್ಲಿ ಹಳ್ಳವೇ ಒಣಗಿದರೆ ಹನ್ನೊಂದನೆಯವನ ಗತಿಯೇನು? ಇಷ್ಟನ್ನೇ ಓದಿದವನು ಹರಿಹರದ ರೈತನಿಗೆ, ನೀನು ತುದಿಯಲ್ಲಿದ್ದೀಯ, ನಿನ್ನ ಹಣೆಬರಹ ಎನ್ನಬಹುದು. ಆದರೆ ಅದು ಯಾರೂ ಕಟ್ಟದ, ಪ್ರಕೃತಿಯೇ ಹರಿಸಿದ ಹಳ್ಳದ ನಿಯಮ. ಹಲವರು ಸೇರಿ ತೋಡಿದ ಕಾಲುವೆಗೆ ಹನಫೀ ಪಂಡಿತರು ಬೇರೆ ನಿಯಮ ಹೇಳಿದರು. ಅಂಥ ಕಾಲುವೆಗೆ ಮೇಲಿನವನು ಉಳಿದವರ ಒಪ್ಪಿಗೆಯಿಲ್ಲದೆ ಅಡ್ಡಕಟ್ಟೆ ಹಾಕುವಂತಿಲ್ಲ; ಎಲ್ಲರೂ ಒಪ್ಪಿದರೆ ಸರದಿ ಮಾಡಿಕೊಳ್ಳಬಹುದು. ಇನ್ನೂ ಅಚ್ಚರಿಯದ್ದು, ಸಹಾಬಿ ಇಬ್ನ್ ಮಸ್‌ಊದ್(ರ)ರ ಹೆಸರಿನಲ್ಲಿ ಅವರು ಉಲ್ಲೇಖಿಸುವ ಒಂದು ಅಭಿಪ್ರಾಯ: ಕೆಳಗಿನವರಿಗೆ ನೀರು ತಲುಪುವವರೆಗೆ ಮೇಲಿನವರ ಮೇಲೆ ಅವರದ್ದೇ ಯಜಮಾನಿಕೆ ಎಂಬುದು ಅದರ ತಾತ್ಪರ್ಯ. ಕಾರಣ ಸರಳ. ಮೇಲಿನವನು ತಡೆದರೆ ಕೆಳಗಿನವನು ಸಾಯುತ್ತಾನೆ. ಕೆಳಗಿನವನು ಏನು ಮಾಡಿದರೂ ಮೇಲಿನವನ ನೀರು ನಿಲ್ಲುವುದಿಲ್ಲ. ಯಾರ ಕೈಗೆ ತಡೆಯುವ ಶಕ್ತಿ ಇಲ್ಲವೋ ಅವನ ಮಾತಿಗೆ ತೂಕ ಕೊಡಬೇಕು. ಇದನ್ನು ವಿಸ್ತಾರವಾಗಿ ಚರ್ಚಿಸಿದ ಹನ್ನೊಂದನೇ ಶತಮಾನದ ಇಮಾಮ್ ಸರಖ್ಸೀಯವರು ತಮ್ಮ ಬೃಹತ್ ಗ್ರಂಥದ ಬಹುಭಾಗವನ್ನು ಸೆರೆಯಲ್ಲಿ, ಒಂದು ಬಾವಿಯಂಥ ಗುಂಡಿಯ ತಳದಿಂದ ಮೇಲೆ ಕುಳಿತ ಶಿಷ್ಯರಿಗೆ ಹೇಳಿ ಬರೆಸಿದರು ಎನ್ನುತ್ತಾರೆ. ಕೆಳಗಿರುವವನ ದನಿ ಮೇಲಕ್ಕೆ ಮುಟ್ಟಬೇಕು ಎಂಬುದು ಅವರಿಗೆ ಪುಸ್ತಕದ ವಿಷಯ ಮಾತ್ರವಾಗಿರಲಿಕ್ಕಿಲ್ಲ.

ಭದ್ರಾ ನಾಲೆ ಹಳ್ಳವಲ್ಲ. ಅದು ಸಾರ್ವಜನಿಕರ ಹಣದಿಂದ ಕಟ್ಟಿದ್ದು. ಸುಮಾರು ಒಂದು ಲಕ್ಷ ಹೆಕ್ಟೇರ್ ಅಚ್ಚುಕಟ್ಟಿನ ನಕ್ಷೆಯಲ್ಲಿ ದಾವಣಗೆರೆ ಶಾಖಾ ನಾಲೆಯ ಮತ್ತು ಮಲೇಬೆನ್ನೂರು ಶಾಖಾ ನಾಲೆಯ ತುದಿಯ ಹೊಲಗಳೂ ಇವೆ. ನಕ್ಷೆ ಬರೆದ ದಿನ ತಲೆಯ ಹೊಲಕ್ಕೂ ತುದಿಯ ಹೊಲಕ್ಕೂ ಒಂದೇ ಮಾತು ಕೊಡಲಾಗಿತ್ತು. ಹೀಗಾಗಿ ಮೊದಲು ಕೇಳಿದ ಪ್ರಶ್ನೆಗೆ ನಾನು ಕೊಡುವ ಉತ್ತರ ಇದು: ಹರಿಹರದ ರೈತನ ‘ನಮ್ಮ ನೀರು’ ಎಂಬ ಮಾತಿನಲ್ಲಿ ನೂರು ದಿನ ಎಂಬ ಸಂಖ್ಯೆ ಅವನದ್ದಲ್ಲ, ಸಮಪಾಲು ಅವನದ್ದು. ಮಳೆ ಕಡಿಮೆಯಾದರೆ ಸಂಖ್ಯೆ ಇಳಿಯಬಹುದು. ಪಾಲು ಇಳಿಯಬಾರದು.

ಬಿಟ್ಟು ಬಿಟ್ಟು ಹರಿಸುವ ಕ್ರಮ ಕಾಗದದ ಮೇಲೆ ಸಮಾನವಾಗಿ ಕಾಣುತ್ತದೆ. ಎಲ್ಲರಿಗೂ ಅಷ್ಟೇ ದಿನ ಬಿಡುತ್ತೇವೆ, ಅಷ್ಟೇ ದಿನ ನಿಲ್ಲಿಸುತ್ತೇವೆ. ಆದರೆ ನೀರಿಗೆ ನಡೆಯುವ ದೂರವಿದೆ. ಲಕ್ಕವಳ್ಳಿಯಲ್ಲಿ ಗೇಟು ಎತ್ತಿದ ನೀರು, ದಾರಿಯಲ್ಲಿ ಒಣಗಿದ ನಾಲೆಯನ್ನು ನೆನೆಸುತ್ತ, ತೂಬುಗಳಲ್ಲಿ ಇಳಿಯುತ್ತ ತುದಿ ಮುಟ್ಟುವಷ್ಟರಲ್ಲಿ ನಿಲ್ಲಿಸುವ ದಿನ ಹತ್ತಿರ ಬಂದಿರುತ್ತದೆ. ಮೇಲಿನವನಿಗೆ ಆಫೂ ಇದೆ ಆನೂ ಇದೆ, ನಮಗೆ ಬರೀ ಆಫ್ ಎಂದು ಕೊನೆಯ ಭಾಗದ ರೈತರು ಹೇಳುವುದು ತಮಾಷೆಯಲ್ಲ. ಕುರ್‌ಆನಿನಲ್ಲಿ ಸಮೂದ್ ಜನಾಂಗದ ಕಥೆಯಲ್ಲಿ ಪ್ರವಾದಿ ಸಾಲಿಹ್(ಅ)ರ ಒಂಟೆಗೆ ಒಂದು ದಿನ, ಜನರಿಗೆ ಒಂದು ದಿನ ಎಂದು ನೀರಿನ ಸರದಿ ಗೊತ್ತುಮಾಡಲಾಗಿತ್ತು. ಸರದಿ ಎಂಬುದರಲ್ಲಿ ತಪ್ಪಿಲ್ಲ. ಒಂಟೆಯ ದಿನ ಒಂಟೆಗೆ ನೀರು ನಿಜವಾಗಿಯೂ ಸಿಗಬೇಕು, ಅಷ್ಟೇ.

ನಮ್ಮ ನೆಲದಲ್ಲೇ ಇದಕ್ಕಿಂತ ಸೂಕ್ಷ್ಮವಾದ ವಿವೇಕ ಇತ್ತು. ಕೋಲಾರ ಕಡೆಯ ಕೆಲವು ಕೆರೆಗಳಲ್ಲಿ ‘ದಾಮಾಷಾ’ ಎಂಬ ಪದ್ಧತಿ ರೂಢಿಯಲ್ಲಿತ್ತು. ಕೆರೆ ಅರ್ಧ ತುಂಬಿದ ವರ್ಷ ಅಚ್ಚುಕಟ್ಟಿನ ಎಲ್ಲ ಹೊಲಕ್ಕೂ ಅರ್ಧರ್ಧ ನೀರು ಕೊಟ್ಟು ಎಲ್ಲವನ್ನೂ ಒಣಗಿಸುತ್ತಿರಲಿಲ್ಲ. ಬಿತ್ತುವ ಮೊದಲೇ ಊರವರು ಕುಳಿತು, ತೂಬಿನ ಹತ್ತಿರದ ಇಷ್ಟು ಭೂಮಿಗೆ ಮಾತ್ರ ಈ ವರ್ಷ ನೀರು ಎಂದು ಗೊತ್ತುಮಾಡುತ್ತಿದ್ದರು. ಆ ಭೂಮಿಯನ್ನು ಅದರ ಒಡೆಯರೇ ಉಳುವುದಲ್ಲ. ಅಚ್ಚುಕಟ್ಟಿನ ಎಲ್ಲ ರೈತರಿಗೂ ಅವರವರ ಹಿಡುವಳಿಯ ಅನುಪಾತದಲ್ಲಿ ಅದರೊಳಗೆ ತಾತ್ಕಾಲಿಕ ಪಾಲು. ತಲೆಯ ಹೊಲದವನು ಒಂದು ವರ್ಷದ ಮಟ್ಟಿಗೆ ತುದಿಯ ಹೊಲದವನಿಗೆ ತನ್ನ ನೆಲ ಬಿಟ್ಟುಕೊಡುತ್ತಿದ್ದ! ಇಂದು ಹೀಗೆ ಹೇಳಿದರೆ ನಕ್ಕಾರು. ಒಂದು ಕೆರೆಯ ನೂರಾರು ಎಕರೆಗೆ ಆದದ್ದು ಲಕ್ಷ ಹೆಕ್ಟೇರಿಗೆ ಆಗದು ಎಂಬುದೂ ನಿಜ. ಆದರೆ ಅದರೊಳಗಿನ ಎರಡು ವಿಚಾರಗಳನ್ನು ಹಿಗ್ಗಿಸಲು ಅಡ್ಡಿಯಿಲ್ಲ. ಕಡಿತವನ್ನು ದಿನಗಳಲ್ಲಿ ಮಾಡಬೇಡಿ, ಎಕರೆಗಳಲ್ಲಿ ಮಾಡಿ. ನಾಟಿಯ ನಂತರ ಹೇಳಬೇಡಿ, ಸಸಿ ಮಡಿಗೆ ಮೊದಲೇ ಹೇಳಿ. ಪ್ರತಿ ರೈತನೂ ತನ್ನ ಐದು ಎಕರೆಯಲ್ಲಿ ಮೂರಕ್ಕೆ ಮಾತ್ರ ಭತ್ತ ಹಾಕುವುದು ಎಂದು ತಲೆಯಿಂದ ತುದಿಯವರೆಗೆ ಒಂದೇ ನಿಯಮ ಮಾಡಿದರೆ, ಅದನ್ನು ನಂಬಬಹುದು ಎಂಬ ಭರವಸೆಯಿದ್ದರೆ, ಬಂದ್ ಕರೆಯುವವರ ಸಂಖ್ಯೆ ಖಂಡಿತ ಕಡಿಮೆಯಾಗುತ್ತದೆ. ಇಂಥ ನಿಯಮವನ್ನು ಕಾಯುವವರು ಬೇಕು ಎಂಬುದು ಬೇರೆ ಮಾತು. ನಾಲೆಯ ಮೇಲೆ ಹಗಲು ರಾತ್ರಿ ತಿರುಗುವ ಸೌಡಿಗಳು ತಾವೇ ಕಾಯಂ ಆಗಲು ಧರಣಿ ಕೂರುತ್ತಾರೆ. ಪಂಪ್‌ಸೆಟ್ಟಿನ ಬಲಾಢ್ಯರನ್ನು ಅವರು ತಡೆದಾರೆಯೇ?

ಇನ್ನು ನಮ್ಮ ಮನಸ್ಸಿಗೆ ಕಹಿಯಾದ ಒಂದು ಮಾತು. 2023ರ ಸೆಪ್ಟೆಂಬರ್ ಕೊನೆಯ ವಾರದಲ್ಲಿ ದಾವಣಗೆರೆ ಮಾತ್ರ ಬಂದ್ ಆಗಲಿಲ್ಲ. 26ರಂದು ಬೆಂಗಳೂರು, 29ರಂದು ಇಡೀ ಕರ್ನಾಟಕ ಬಂದ್ ಆಯಿತು, ಕಾವೇರಿಗಾಗಿ. ಅಲ್ಲಿ ನಾವು ಮೇಲಿನವರು, ತಂಜಾವೂರಿನ ರೈತ ತುದಿಯವನು. ಅಲ್ಲಿ ನಾವು ಹೇಳಿದ್ದು, ಮಳೆಯೇ ಬಂದಿಲ್ಲ, ನಮಗೇ ಇಲ್ಲ, ಕೊಡುವುದೆಲ್ಲಿಂದ ಎಂದು. ಅದೇ ವಾರ ದಾವಣಗೆರೆಯಲ್ಲಿ ಹೇಳಿದ್ದು, ಮಳೆಯ ಮಾತು ಬೇಡ, ಕೊಟ್ಟ ಮಾತಿನಂತೆ ನೀರು ಬಿಡಿ ಎಂದು. ಎರಡು ಪ್ರಸಂಗಗಳೂ ಒಂದೇ ಅಲ್ಲ, ಕಾವೇರಿಯ ಇತಿಹಾಸ ಬೇರೆ, ನ್ಯಾಯಮಂಡಳಿ ಬೇರೆ ಎಂದು ವಾದಿಸಬಹುದು. ವಾದಿಸೋಣ. ಆದರೆ ತುದಿಯಲ್ಲಿ ನಿಂತಾಗ ಒಂದು ನ್ಯಾಯ, ತಲೆಯಲ್ಲಿ ನಿಂತಾಗ ಇನ್ನೊಂದು ನ್ಯಾಯ ಎಂಬುದು ನಮ್ಮ ಬಾಯಿಂದಲೇ ಒಂದೇ ವಾರದಲ್ಲಿ ಬಂದದ್ದನ್ನು ಮರೆಯಬಾರದು. ಅಳೆದು ತೆಗೆದುಕೊಳ್ಳುವಾಗ ಪೂರ್ಣ, ಅಳೆದು ಕೊಡುವಾಗ ಕಡಿಮೆ ಎಂಬ ಪ್ರವೃತ್ತಿಯನ್ನು ಕುರ್‌ಆನ್ ಒಂದು ಇಡೀ ಅಧ್ಯಾಯದ ಹೆಸರಾಗಿಸಿ ಎಚ್ಚರಿಸಿದೆ. ಅಲ್ಲಿ ತಕ್ಕಡಿಯ ಮಾತಿದೆ. ನದಿಗೂ ತಕ್ಕಡಿ ಇರುತ್ತದೆ.

2025ರ ಜೂನ್‌ನಲ್ಲಿ ಇನ್ನೊಂದು ಪರೀಕ್ಷೆ ಬಂತು. ಹೊಸದುರ್ಗ, ತರೀಕೆರೆ ಕಡೆಯ ಹಳ್ಳಿಗಳಿಗೆ ಕುಡಿಯುವ ನೀರು ಒಯ್ಯಲು ಬಲದಂಡೆ ನಾಲೆಯನ್ನು ಸೀಳಿ ಕಾಮಗಾರಿ ನಡೆಸಿದಾಗ ದಾವಣಗೆರೆ ಜಿಲ್ಲೆಯಲ್ಲಿ ದೊಡ್ಡ ವಿರೋಧ ಎದ್ದಿತು, ಮತ್ತೆ ಬಂದ್ ಆಯಿತು. ನಾಲೆಯನ್ನೇ ಒಡೆಯುವ ರೀತಿ ಸರಿಯೇ, ಜಲಾಶಯದಿಂದ ಬೇರೆ ಮಾರ್ಗವಿರಲಿಲ್ಲವೇ ಎಂಬ ರೈತರ ಪ್ರಶ್ನೆ ನ್ಯಾಯವಾದದ್ದು. ಆದರೆ ವಿರೋಧದ ಬಿಸಿಯಲ್ಲಿ ಕೆಲವರು ಆ ನೀರೇ ಹೋಗಬಾರದು ಎಂಬವರೆಗೆ ಮಾತು ಒಯ್ದರು. ಇಲ್ಲಿ ಶಾಸ್ತ್ರಕ್ಕೆ ಸಂದೇಹವಿಲ್ಲ. ಮನುಷ್ಯ ಮತ್ತು ಪ್ರಾಣಿಗಳ ಬಾಯಾರಿಕೆಯ ಹಕ್ಕು ಒಂದು, ಹೊಲಕ್ಕೆ ಉಣಿಸುವ ಹಕ್ಕು ಇನ್ನೊಂದು, ಮೊದಲನೆಯದು ಮುಂದೆ. ಖಾಸಗಿ ಬಾವಿಯ ಒಡೆಯನೂ ಬಾಯಾರಿದವನನ್ನು ತಡೆಯುವಂತಿಲ್ಲ. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ನೀರು ಕಾಯುತ್ತಿರುವ ಊರುಗಳಲ್ಲಿ ಜಗಳೂರೂ ಒಂದು. ಜಗಳೂರು ದಾವಣಗೆರೆ ಜಿಲ್ಲೆಯದ್ದೇ ತಾಲ್ಲೂಕು. ನಾಲೆ ಕಾಣದೆ ಬರ ಕಂಡ ನೆಲ. ಅಲ್ಲಿಯ ರೈತನಿಗೆ ಚಿಕ್ಕದಾಗಲು ಒಂದು ಋತುವೂ ಇಲ್ಲ. ತನ್ನ ಹತ್ತು ದಿನ ಹೋಯಿತೆಂದು ಅಳುವವನಿಗೆ ಒಂದು ದಿನವೂ ಇಲ್ಲದವನ ಮುಂದೆ ಸ್ವಲ್ಪ ಸಂಕೋಚ ಇರಬೇಕು.

ಬಂದ್ ಕರೆಯಲೂ ಆಗದವರ ಮಾತು ಉಳಿದಿದೆ. ನೀರಿನ ಜಗಳದಲ್ಲಿ ಪಹಣಿ ಇದ್ದವನಿಗೆ ಮಾತ್ರ ದನಿ. ಕೋರಿಗೆ ಹೊಲ ಮಾಡಿದವನ ಹೆಸರು ಯಾವ ದಾಖಲೆಯಲ್ಲೂ ಇರುವುದಿಲ್ಲ. ಬೆಳೆ ಹೋದರೆ ಪರಿಹಾರ ಒಡೆಯನಿಗೆ, ಸಾಲ ಇವನಿಗೆ. ನಾಟಿಗೆ ಗುಂಪು ಕಟ್ಟಿಕೊಂಡು ಬರುವ ಹೆಂಗಸರಿಗೆ ಬೇಸಿಗೆ ಬೆಳೆ ಇಲ್ಲವೆಂದರೆ ವರ್ಷದ ಅರ್ಧ ದುಡಿಮೆ ಇಲ್ಲ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳನ್ನು ಬಲ್ಲವರು ಬಲ್ಲರು. ಈ ನಗರದ ಮಂಡಕ್ಕಿ ಮೆಣಸಿನಕಾಯಿಗೆ ಬೆಣ್ಣೆ ದೋಸೆಯಷ್ಟೇ ಹೆಸರು. ಆ ಮಂಡಕ್ಕಿಯ ಹಿಂದೆ ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಕಾದ ಮರಳಿನಲ್ಲಿ ಹುರಿಯುವ ಕೆಲಸವಿದೆ. ಹೊಗೆಯ ನಡುವೆ ಆ ಕೆಲಸ ಮಾಡುವ ಕುಟುಂಬಗಳಲ್ಲಿ ಮುಸ್ಲಿಮರು ಬಹಳ. ಭದ್ರಾ ನಾಲೆ ನಿಂತರೆ ಭತ್ತದ ಬೆಲೆ ಏರುತ್ತದೆ, ಬೇರೆ ಕಡೆಯಿಂದ ತರಿಸಿದರೆ ಲಾರಿ ಬಾಡಿಗೆ ಸೇರುತ್ತದೆ, ಭಟ್ಟಿ ಮೂರು ದಿನ ಉರಿದು ಎರಡು ದಿನ ಆರುತ್ತದೆ. ಅದಕ್ಕೂ ಒಂದು ‘ಆಫ್ ಅಂಡ್ ಆನ್’. ರೈತನಿಗೆ ಕನಿಷ್ಠ ಒಬ್ಬ ಅಧಿಕಾರಿ ಎದುರಿಗಿದ್ದಾನೆ, ಮುತ್ತಿಗೆ ಹಾಕಲು ಒಂದು ಕಚೇರಿ ಇದೆ. ಭಟ್ಟಿಯ ಕೂಲಿಯವನು ಯಾರ ಮುಂದೆ ನಿಲ್ಲಬೇಕು? ಅವನ ಋತುವನ್ನು ಯಾರೂ ನೂರು ದಿನ ಎಂದು ಘೋಷಿಸಿರಲಿಲ್ಲ. ಹಾಗಾಗಿ ಅದನ್ನು ಮೊಟಕು ಮಾಡಿದ ಆರೋಪವೂ ಯಾರ ಮೇಲೂ ಬರುವುದಿಲ್ಲ. ನೀರು, ಹುಲ್ಲುಗಾವಲು, ಬೆಂಕಿ ಈ ಮೂರರಲ್ಲಿ ಜನರೆಲ್ಲ ಪಾಲುದಾರರು ಎಂದು ಪ್ರವಾದಿಯವರು ಹೇಳಿದಾಗ ಪಹಣಿ ಕೇಳಿರಲಿಲ್ಲ.

2024ರ ಮುಂಗಾರಿನಲ್ಲಿ ಮಳೆ ಚೆನ್ನಾಗಿ ಬಂದು ಭದ್ರಾ ತುಂಬಿತು. ಬಾಗಿನ ಅರ್ಪಿಸಿದರು, ಎರಡೂ ಜಿಲ್ಲೆಗಳವರು ನಕ್ಕರು, ಹಿಂದಿನ ವರ್ಷದ ಮಾತುಗಳನ್ನು ಯಾರೂ ಎತ್ತಲಿಲ್ಲ. ಬರದ ವರ್ಷದಲ್ಲಿ ಪಾಲಿನ ನಿಯಮ ಹೇಗಿರಬೇಕು ಎಂದು ತಂಪಾಗಿ ಕುಳಿತು ಬರೆದಿಡಲು ತುಂಬಿದ ವರ್ಷಕ್ಕಿಂತ ಒಳ್ಳೆಯ ಹೊತ್ತು ಬೇರೆ ಇರಲಿಲ್ಲ. ನೀರಾವರಿ ಸಲಹಾ ಸಮಿತಿಯ ಸಭೆ ಶಿವಮೊಗ್ಗದ ಮಲವಗೊಪ್ಪದ ಕಾಡಾ ಕಚೇರಿಯಲ್ಲಿ ಸೇರುವುದು ರೂಢಿ. ಒಂದು ಬಾರಿಯಾದರೂ ಅದನ್ನು ಮಲೇಬೆನ್ನೂರಿನಲ್ಲೋ ದೇವರಬೆಳಕೆರೆಯಲ್ಲೋ ನಡೆಸಲಿ. ಕೋರು ರೈತರನ್ನೂ ಭಟ್ಟಿಯವರನ್ನೂ ಹಿಂದಿನ ಸಾಲಿನಲ್ಲಾದರೂ ಕೂರಿಸಲಿ. ಸಭೆಗೆ ಬರುವ ಮಂತ್ರಿ, ಎಂಜಿನಿಯರುಗಳ ಕಾರು ನಾಲೆಯ ಏರಿಯ ಮೇಲೆಯೇ ಬರಬೇಕಾಗುತ್ತದೆ. ದಾರಿಯಲ್ಲಿ ಎಷ್ಟು ಪೈಪುಗಳು ನಾಲೆಗೆ ಇಳಿದಿವೆ ಎಂದು ಕಿಟಕಿಯಿಂದ ಎಣಿಸಬಹುದು.